ಷಡ್ಡಕನ ಸೊನ್ನೆ

ನನ್ನ ಹೆಂಡತಿಯ ಅಕ್ಕನ ಗಂಡನನ್ನು ನಾನು ದ್ವೇಷಿಸಲು ಶುರುಮಾಡಿದ್ದು ಒಂದು ಸೊನ್ನೆಯಿಂದ ಎಂದು ಹೇಳಿಕೊಂಡು ಬಂದಿದ್ದೇನೆ. ಕೇಳುವವರಿಗೆ ಅದು ಇಷ್ಟವಾಗುತ್ತದೆ. ಸುಳ್ಳಿರಬಹುದು. ಸೊನ್ನೆಗೆ ಮೊದಲೇ ಅವನ ನಗು ನನಗೆ ಆಗುತ್ತಿರಲಿಲ್ಲ. ಅವನು ಚಪ್ಪಲಿ ಬಿಡುವ ರೀತಿ ಆಗುತ್ತಿರಲಿಲ್ಲ. ಮಾವನ ಮನೆಯ ಬಾಗಿಲಲ್ಲಿ ಅವನ ಚಪ್ಪಲಿಗಳು ಯಾವಾಗಲೂ ನಟ್ಟನಡುವೆ ಇರುತ್ತವೆ, ನಾವೆಲ್ಲ ದಾಟಿಕೊಂಡು ಹೋಗಬೇಕು. ಎದುರಿಗೆ ಅವನನ್ನು ‘ಅಣ್ಣ, ನೀವು’ ಎನ್ನುತ್ತೇನೆ. ಇಲ್ಲಿ ‘ಅವನು’ ಎಂದು ಬರೆಯುತ್ತೇನೆ. ಈ ಬರಹದಿಂದ ನನಗೆ ಬೇರೇನೂ ದಕ್ಕದಿದ್ದರೂ ಇಷ್ಟು ದಕ್ಕಿತು.

ಅವನು ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ನಾನು ಹೊಳೆನರಸೀಪುರದಲ್ಲಿ ಗಣಿತದ ಮೇಷ್ಟ್ರು. ನನ್ನ ಹೆಂಡತಿ ಚನ್ನರಾಯಪಟ್ಟಣದಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾಳೆ. ದಿನಾ ಬಸ್ಸಿನಲ್ಲಿ ಹೋಗಿಬರುತ್ತಾ ತನ್ನ ಪಿಎಚ್‌ಡಿ ಥೀಸಿಸ್ ಬರೆಯುತ್ತಿದ್ದಳು. ಅವಳ ಗೈಡು ಆ ವರ್ಷ ನಿವೃತ್ತರಾಗುವವರು. ಅಷ್ಟರೊಳಗೆ ಥೀಸಿಸ್ ಒಪ್ಪಿಸದಿದ್ದರೆ ಹೊಸ ಗೈಡನ್ನು ಹುಡುಕಬೇಕು, ಹೊಸಬರು ಹೊಸ ವಿಷಯ ಹೇಳುತ್ತಾರೆ, ಮತ್ತೆ ಮೊದಲಿನಿಂದ. ಮಿಕ್ಕಿದ್ದೆಲ್ಲ ಬರೆದಾಗಿತ್ತು. ಒಂದೇ ಒಂದು ಅಧ್ಯಾಯ ಸಿಕ್ಕಿಹಾಕಿಕೊಂಡಿತ್ತು, ನನ್ನ ಷಡ್ಡಕನ ಸೊನ್ನೆಯಲ್ಲಿ.

ಸೊನ್ನೆ ಇದ್ದದ್ದು ಒಂದು ಲೈಬ್ರರಿಯಲ್ಲಿ. ಪುಸ್ತಕದ ಲೈಬ್ರರಿಯಲ್ಲ, ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬಹುದಾದ ಸಿದ್ಧ ಲೆಕ್ಕಗಳ ಕಟ್ಟು. ಜಿಲ್ಲೆಯ ಕೆಲವು ಮೇಷ್ಟ್ರುಗಳು ಬಿಡುವಿನಲ್ಲಿ ಸೇರಿ ಬರೆದದ್ದು. ಶುರುಮಾಡಿದವನು ಅವನು. ಯಾರು ಏನು ತಿದ್ದಿ ಕಳಿಸಿದರೂ ಕೊನೆಗೆ ಒಪ್ಪಿ ಒಳಗೆ ಬಿಟ್ಟುಕೊಳ್ಳಬೇಕಾದವನು ಅವನು. ಅದರಲ್ಲಿ ಫ್ಯಾಕ್ಟೋರಿಯಲ್ ಎಂಬ ಫಂಕ್ಷನ್ ಇದೆ. ಐದರ ಫ್ಯಾಕ್ಟೋರಿಯಲ್ ಎಂದರೆ ಐದು, ನಾಲ್ಕು, ಮೂರು, ಎರಡು, ಒಂದು, ಇಷ್ಟನ್ನೂ ಗುಣಿಸಿದ್ದು: ನೂರಿಪ್ಪತ್ತು. ಇದು ಹೈಸ್ಕೂಲು ದಾಟಿದವರಿಗೆಲ್ಲ ಗೊತ್ತು. ಮೈನಸ್ ಸಂಖ್ಯೆ ಕೊಟ್ಟರೆ? ಅವನ ಕೋಡಿನಲ್ಲಿ ಒಂದು ಸಾಲು ಇತ್ತು: ಸಂಖ್ಯೆ ಸೊನ್ನೆಗಿಂತ ಚಿಕ್ಕದಾಗಿದ್ದರೆ ಉತ್ತರ ಸೊನ್ನೆ.

ಅದು ತಪ್ಪು. ಎಷ್ಟು ತಪ್ಪು ಎಂದು ಕಾಗದ ಪೆನ್ನು ಇಲ್ಲದೆ ತೋರಿಸಬಲ್ಲೆ. ಮೇಲಿನಿಂದ ಕೆಳಗೆ ಇಳಿಯುತ್ತಾ ಬನ್ನಿ. ನೂರಿಪ್ಪತ್ತನ್ನು ಐದರಿಂದ ಭಾಗಿಸಿದರೆ ನಾಲ್ಕರ ಫ್ಯಾಕ್ಟೋರಿಯಲ್, ಅದನ್ನು ನಾಲ್ಕರಿಂದ ಭಾಗಿಸಿದರೆ ಮೂರರದು. ಹೀಗೇ ಇಳಿದರೆ ಒಂದರದ್ದು ಒಂದು, ಸೊನ್ನೆಯದ್ದೂ ಒಂದು. ಇನ್ನೊಂದು ಮೆಟ್ಟಿಲು ಇಳಿಯಬೇಕಾದರೆ ಸೊನ್ನೆಯಿಂದ ಭಾಗಿಸಬೇಕು. ಅಲ್ಲಿ ಮೆಟ್ಟಿಲೇ ಇಲ್ಲ. ಮೈನಸ್ ಒಂದರ ಹತ್ತಿರ ಹೋದಷ್ಟೂ ಬೆಲೆ ಒಂದು ಕಡೆ ಆಕಾಶಕ್ಕೆ, ಇನ್ನೊಂದು ಕಡೆ ಪಾತಾಳಕ್ಕೆ ಹೋಗುತ್ತದೆ. ಸೊನ್ನೆಗೂ ಅದಕ್ಕೂ ಮುಖ ಕೊಟ್ಟು ಮಾತಿಲ್ಲ. ತಮಾಷೆಯೆಂದರೆ ಮೈನಸ್ ಅರ್ಧಕ್ಕೆ ಉತ್ತರ ಇದೆ, ಪೈನ ವರ್ಗಮೂಲ. ಪೂರ್ಣಸಂಖ್ಯೆಗಳನ್ನು ಬಿಟ್ಟು ಮೈನಸ್ಸಿನ ಕಡೆಗೆಲ್ಲ ಈ ಫಂಕ್ಷನ್ನನ್ನು ಸರಿಯಾಗಿ ಹಬ್ಬಿಸಬಹುದು. ಅವನು ಎಲ್ಲದರ ಮೇಲೂ ಒಂದೇ ಸೊನ್ನೆ ಸಾರಿಸಿಬಿಟ್ಟಿದ್ದ.

ಯಾಕೆ ಎಂಬುದಕ್ಕೆ ಅರಕಲಗೂಡಿಗೆ ಹೋಗಬೇಕು, ನಮ್ಮಿಬ್ಬರ ಮಾವನ ಮನೆಗೆ. ಮಾವನದು ದಿನಸಿ ಅಂಗಡಿ. ಆ ಅಂಗಡಿಯಲ್ಲಿ ‘ಇಲ್ಲ’ ಎಂಬ ಮಾತು ಬರಕೂಡದು. ಬೆಲ್ಲ ಮುಗಿದಿದ್ದರೆ ‘ನಾಳೀಕ್ ಬತ್ತದೆ’. ನಾಳೆಯೂ ಬರದಿದ್ದರೆ ‘ದಾರೀಲೈತೆ’. ಮನೆಯೊಳಗೂ ಅದೇ. ಅಕ್ಕಿ ತೀರಿತು ಎನ್ನುವ ಹಾಗಿಲ್ಲ. ಅತ್ತೆ ಖಾಲಿ ಡಬ್ಬ ಎತ್ತಿ ತೋರಿಸಿ ‘ಎಚ್ಚೈತೆ’ ಅನ್ನುತ್ತಾರೆ. ಹೆಚ್ಚಿದೆ ಎಂದರೆ ತಳ ಕಂಡಿದೆ. ಅರಿಸಿನ ಹೆಚ್ಚಿದೆ, ಉಪ್ಪು ಹೆಚ್ಚಿದೆ. ಇಲ್ಲ ಎಂದರೆ ಲಕ್ಷ್ಮಿ ಕೇಳಿಸಿಕೊಂಡು ಎದ್ದುಹೋಗುತ್ತಾಳೆ. ನಮ್ಮೂರು ಹಳೇಕೋಟೆಯಲ್ಲೂ ಹಿರಿಯರು ಹಾಗೇ ಅನ್ನುತ್ತಿದ್ದರು, ನಮ್ಮವ್ವ ಮಾತ್ರ ಅನ್ನಲಿಲ್ಲ. ‘ಇಲ್ಲ ಅಂದ್ರೆ ಇಲ್ಲ ಕಣ್ಲಾ, ಒಂದ್ಸಲ ಏಳುದ್ರೆ ತಿಳಿಯಾಕಿಲ್ವಾ’ ಎಂದು ಸೌಟು ತೋರಿಸುತ್ತಿದ್ದಳು. ಲಕ್ಷ್ಮಿ ನಮ್ಮ ಮನೆಗೆ ಬಂದ ಗುರುತೇನೂ ಇರಲಿಲ್ಲ, ಹಾಗಾಗಿ ಎದ್ದುಹೋಗುವ ಭಯವೂ ಇರಲಿಲ್ಲ.

ಷಡ್ಡಕ ಆ ಮನೆಯ ಹಿರಿಯ ಅಳಿಯ. ಮಾವನ ಆ ಪದ್ಧತಿಯನ್ನು ಮಗಳ ಜೊತೆಗೆ ಅವನು ಉಡುಗೊರೆಯಾಗಿ ಪಡೆದುಕೊಂಡಿದ್ದ.

ಜಗಳ ಶುರುವಾದದ್ದು ಹೊಸತೊಡಕಿನ ದಿನ. ಯುಗಾದಿಯ ಮಾರನೆ ದಿನ, ಮಟನ್ನು ಬೇಯುವ ದಿನ. ಇದನ್ನು ಹಿಂದೊಮ್ಮೆ ಬರೆದಿಟ್ಟಾಗ ಹೊರಗೆ ಮಳೆ ಸುರಿಯುತ್ತಿತ್ತು ಎಂದು ಬರೆದಿದ್ದೆ. ಯಾವ ಮಳೆ? ಫ್ಯಾನಿನ ಕೆಳಗೆ ಕೂತವರ ಬೆನ್ನಿನಲ್ಲೂ ಬೆವರು ಇಳಿಯುತ್ತಿತ್ತು. ಜಗಳಕ್ಕೆ ಮಳೆ ಒಪ್ಪುತ್ತದೆ ಎಂದು ನೆನಪು ತಾನೇ ಸುರಿಸಿಕೊಂಡಿದೆ. ತೆಗೆದುಹಾಕಿದ್ದೇನೆ.

“ಅಣ್ಣ, ಲೈಬ್ರರೀಲಿ ಮೈನಸ್ ಮೂರಕ್ಕೆ ಸೊನ್ನೆ ಬತ್ತದಲ್ಲ, ಅದು ತಪ್ಪು,” ಎಂದೆ.

ಅವನು ಮೂಳೆ ಚೀಪುತ್ತಿದ್ದ. “ಏನ್ ಬರ್ಬೇಕಿತ್ತು?”

“ಏನೂ ಬರಬಾರ್ದು. ಎರರ್ ಬರ್ಬೇಕು. ಇಲ್ಲ ಅನ್ಬೇಕು.”

“ಉಡುಗ್ರು ಕೇಳ್ತವೆ, ನಾವು ಇಲ್ಲ ಅಂದ್ಬುಡದಾ? ಮಾವ, ಕೇಳುದ್ರಾ ಇವನ ಮಾತ? ನಿಮ್ ಅಂಗ್ಡೀಲಿ ಇವನ್ನ ಒಂದಿನ ಕೂರ್ಸಿ. ಸಾಯಂಕಾಲಕ್ಕೆ ಬಾಗ್ಲಾಕ್ಸ್‌ಬುಡ್ತಾನೆ.”

ಮಾವ ನಕ್ಕರು. ಅವರು ನಗಲೇಬೇಕಾದ ಜಾಗಗಳನ್ನು ಅವನು ಬಲ್ಲ.

“ಮೈನಸ್ ಅರ್ಧಕ್ಕೆ ಉತ್ತರ ಐತಲ್ಲ,” ನಾನು ಬಿಡಲಿಲ್ಲ. “ಅದಕ್ಕೂ ಸೊನ್ನೆ ಕೊಟ್ಟಿದೀರ. ಇರೋದನ್ನ ಮುಚ್ಚಿಟ್ಟು, ಇಲ್ಲದ್ದನ್ನ ಹಂಚೋದು ಯಾವ ನ್ಯಾಯ?”

“ಮೈನಸ್ ಅರ್ಧನ ಯಾವನ್ಲಾ ಕೇಳ್ತಾನೆ? ಹಳೇಕೋಟೇಲಿ ಕೇಳ್ತಾರಾ?”

ಇಡೀ ಪಡಸಾಲೆ ನಕ್ಕಿತು. ನನ್ನ ಹೆಂಡತಿ ನಕ್ಕಳೋ ಇಲ್ಲವೋ ನನಗೆ ನೆನಪಿಲ್ಲ. ನಗಲಿಲ್ಲ ಎಂದು ಬರೆಯಲು ಕೈ ತುಡಿಯುತ್ತದೆ. ಆ ಜಾಗವನ್ನು ಖಾಲಿ ಬಿಡುತ್ತೇನೆ. ಅವನಾಗಿದ್ದರೆ ಅಲ್ಲೊಂದು ಸೊನ್ನೆ ಇಡುತ್ತಿದ್ದ.

ಊರಿಗೆ ಬಂದವನೇ ಫಂಕ್ಷನ್ನನ್ನು ಹೊಸದಾಗಿ ಬರೆದೆ. ಮೈನಸ್ ಭಿನ್ನರಾಶಿಗಳಿಗೆ ಸರಿಯಾದ ಬೆಲೆ, ಮೈನಸ್ ಪೂರ್ಣಸಂಖ್ಯೆಗಳಿಗೆ ಎರರ್. ಜೊತೆಗೆ ಫ್ಯಾಕ್ಟೋರಿಯಲ್ಲಿನ ವಿಲೋಮ ಬೇಕೆನ್ನುವವರಿಗೆ, ಅಂದರೆ ಒಂದನ್ನು ಅದರಿಂದ ಭಾಗಿಸಿದ್ದು ಬೇಕೆನ್ನುವವರಿಗೆ, ಇನ್ನೊಂದು ಫಂಕ್ಷನ್. ಆಕಾಶಕ್ಕೆ ಹೋದದ್ದನ್ನು ತಲೆಕೆಳಗು ಮಾಡಿದರೆ ಸೊನ್ನೆ. ಅಲ್ಲಿ ಸೊನ್ನೆ ನಿಜವಾಗಿಯೂ ಸರಿ. ಪರೀಕ್ಷೆಗಳನ್ನೂ ಬರೆದು, ಎಲ್ಲ ಪಾಸಾದ ಮೇಲೆ ಅವನಿಗೆ ಕಳಿಸಿದೆ.

ಅವನು ತಿರಸ್ಕರಿಸಲಿಲ್ಲ. ತಿರಸ್ಕರಿಸಿದ್ದರೆ ಇನ್ನೊಂದು ಕಡೆ ಹೋಗಿ ಜಗಳ ಆಡಬಹುದಿತ್ತು. ಕೆಳಗೆ ಒಂದು ಮಾತು ಬರೆದ: ‘ಚೆನ್ನಾಗಿದೆ, ನೋಡೋಣ.’ ವಾರ ಬಿಟ್ಟು ಕೇಳಿದೆ. ‘ನೋಡೋಣ.’ ತಿಂಗಳು ಬಿಟ್ಟು ಕೇಳಿದೆ. ‘ರುದ್ರಪಟ್ಟಣದ ಸಂಗೀತೋತ್ಸವಕ್ಕೆ ಬಂದಿದ್ದೇನೆ, ಮುಗಿಸಿಕೊಂಡು ನೋಡೋಣ.’ ಅವನು ಮುಂದಿನ ಸಾಲಿನಲ್ಲಿ ಕೂತು ನಿದ್ದೆ ಮಾಡುತ್ತಾನೆ, ಮೃದಂಗದ ತನಿಯಾವರ್ತನಕ್ಕೆ ಎಚ್ಚರವಾಗಿ ಚಪ್ಪಾಳೆ ತಟ್ಟುತ್ತಾನೆ. ನಾಳೀಕ್ ಬತ್ತದೆ. ದಾರೀಲೈತೆ.

ಈ ನಡುವೆ ಹೆಂಡತಿಯ ಅಧ್ಯಾಯ. ಅವಳ ಸೂತ್ರದಲ್ಲಿ ಸಾಲುಸಾಲು ಪದಗಳನ್ನು ಕೂಡಬೇಕು. ಪ್ರತಿ ಪದದ ಕೆಳಗೂ ಒಂದು ಫ್ಯಾಕ್ಟೋರಿಯಲ್. ಬೇಡದ ಪದಗಳು ಬಂದಾಗ ಆ ಫ್ಯಾಕ್ಟೋರಿಯಲ್ ಮೈನಸ್ಸಿಗೆ ಇಳಿಯುತ್ತದೆ, ಪದ ತಾನೇ ಉದುರಿಹೋಗುತ್ತದೆ. ಕಾಗದದ ಮೇಲೆ. ಲೈಬ್ರರಿ ಅಲ್ಲಿ ಸೊನ್ನೆ ಇಟ್ಟದ್ದರಿಂದ ಸೊನ್ನೆಯಿಂದ ಭಾಗಿಸಿದಂತಾಯಿತು. ಉದುರಬೇಕಾದ ಪದಗಳು ಅನಂತವಾಗಿ ಊದಿಕೊಂಡವು. ಪರದೆಯ ಮೇಲೆ ಗ್ರಾಫಿನ ಎರಡು ಅಕ್ಷಗಳು ಮಾತ್ರ ಬಂದವು, ಗೆರೆ ಬರಲಿಲ್ಲ.

“ನಿಮ್ ತಿದ್ದುಪಡಿ ಯಾವಾಗ ಒಳಗೆ ಹೋಗತ್ತೆ?” ಎಂದು ಕೇಳಿದಳು.

“ನಿಮ್ಮ ಭಾವನ್ನ ಕೇಳು,” ಎಂದೆ.

ಕೇಳಿದಳು. ನಾನು ಕಿಚಾಯಿಸಿ ಹೇಳಿದ್ದು, ಅವಳು ನಿಜವಾಗಿ ಕೇಳಿದಳು. ಮಾರನೆಯ ಸಂಜೆ ಬಸ್ಸಿಳಿದು ಬಂದವಳ ಮುಖ ಅರಳಿತ್ತು. “ಭಾವಂಗೆ ಫೋನ್ ಮಾಡ್ದೆ. ಹತ್ತೇ ನಿಮಿಷದಲ್ಲಿ ಮಾಡ್ಕೊಟ್ರು. ಗೆರೆ ಬಂತು!”

ಹತ್ತು ನಿಮಿಷ. ನನ್ನದು ಕೂತಲ್ಲೇ ಕೂತು ಬೇರುಬಿಟ್ಟಿತ್ತು. ಅವನೇನು ಮಾಡಿದ್ದಾನೆ ಎಂದು ತೆಗೆದು ನೋಡಿದೆ. ಫ್ಯಾಕ್ಟೋರಿಯಲ್ಲಿನ ಸೊನ್ನೆಯನ್ನು ಮುಟ್ಟಿರಲಿಲ್ಲ. ಅದೇ ಲೈಬ್ರರಿಯ ಭಾಗಾಕಾರದ ಫಂಕ್ಷನ್ನಿಗೆ ಹೋಗಿ ಅಲ್ಲೊಂದು ಸಾಲು ಸೇರಿಸಿದ್ದ: ಸೊನ್ನೆಯಿಂದ ಭಾಗಿಸಿದರೆ ಉತ್ತರ ಸೊನ್ನೆ. ಅಲ್ಲಿಗೆ ಒಂದು ಸುಳ್ಳನ್ನು ಇನ್ನೊಂದು ಸುಳ್ಳು ಹೊಡೆದುಹಾಕಿ ಬೇಡದ ಪದಗಳು ಉದುರಿದ್ದವು.

“ಇದು ಸರಿಯಿಲ್ಲ,” ಎಂದೆ.

“ಉತ್ತರ ಸರಿ ಬಂದಿದೆಯಲ್ಲ. ನಾಲ್ಕಾರು ಕಡೆ ಕೈಲಿ ಮಾಡಿದ್ದಕ್ಕೆ ಹೋಲಿಸಿ ನೋಡಿದೀನಿ.”

“ಕಳ್ಳ ಸರಿಯಾದ ಮನೆಗೇ ನುಗ್ಗಿದ್ದಾನೆ ಅಂತ ಅವನನ್ನ ಪೋಸ್ಟ್‌ಮ್ಯಾನ್ ಅನ್ನಕ್ಕಾಗತ್ತಾ?”

“ನಿಮಗೆ ನನ್ನ ಗ್ರಾಫ್ ಬಂದದ್ದು ಬೇಕಾಗಿಲ್ಲ. ಭಾವ ಮಾಡ್ಕೊಟ್ಟಿದ್ದು ಅಂತ ಹೊಟ್ಟೆಯುರಿ.”

ಅದೂ ನಿಜ. ಸರಿ ಇರುವವನಿಗೆ ಹೊಟ್ಟೆಯುರಿ ಇರಬಾರದು ಎಂದು ಯಾರೂ ಬರೆದಿಟ್ಟಿಲ್ಲ. ಆ ರಾತ್ರಿ ನಾವು ಬೇರೆ ಬೇರೆ ಹೊತ್ತಿಗೆ ಉಂಡೆವು.

ಗ್ರಾಫು ಗೈಡಿನ ಹತ್ತಿರ ಹೋಯಿತು. ಅವರು ಕುಣಿದಾಡುವುದೊಂದು ಬಾಕಿ. ಗೆರೆಯಲ್ಲಿ ಒಂದು ಎತ್ತರದ ಶಿಖರ ಬರಬೇಕಿತ್ತು. ಅದು ಇವರಿಗೆಲ್ಲ ಮೊದಲೇ ಗೊತ್ತಿದ್ದದ್ದು. ಬಂದದ್ದು ಎರಡು ಕೊಂಬು, ನಡುವೆ ಕಡಿದಾದ ಹಳ್ಳ. ಶಿಖರ ಒಡೆದು ಎರಡಾಗಿದೆ! ಯಾರೂ ಕಂಡಿಲ್ಲದ್ದು! ನಿವೃತ್ತಿಯ ಹೊಸ್ತಿಲಲ್ಲಿ ನಿಂತ ಮನುಷ್ಯನಿಗೆ ಇಂಥದ್ದು ಸಿಕ್ಕರೆ ಏನಾಗುತ್ತದೋ ಅದೆಲ್ಲ ಆಯಿತು. ವಿಚಾರಸಂಕಿರಣಕ್ಕೆ ಸಾರಾಂಶ ಕಳಿಸಿದರು. ಷಡ್ಡಕ ತನ್ನ ಕಾಲೇಜಿನಲ್ಲಿ ನಾದಿನಿಯ ಉಪನ್ಯಾಸ ಇಡಿಸಿದ. ‘ನಮ್ಮ ಲೈಬ್ರರಿಯಿಂದ ಹೊಸ ಸಂಶೋಧನೆ’ ಎಂದು ಬ್ಯಾನರು. ಬ್ಯಾನರಿನಲ್ಲಿ ಅವನ ಫೋಟೋ ಅವಳದ್ದಕ್ಕಿಂತ ದೊಡ್ಡದಿತ್ತು. ಇದನ್ನು ಮಾತ್ರ ನೆನಪು ಉಬ್ಬಿಸಿಲ್ಲ, ಅದರ ಚಿತ್ರ ನನ್ನ ಫೋನಿನಲ್ಲಿದೆ.

ಹಳ್ಳವನ್ನು ಹಿಡಿದವನು ನಾನು ಎಂದು ಬರೆದರೆ ಈ ಬರಹ ಎಷ್ಟು ನೆಟ್ಟಗಾಗುತ್ತಿತ್ತು. ನಾನಲ್ಲ. ನಾನು ಬ್ಯಾನರನ್ನು ನೋಡುತ್ತಾ ಕುದಿಯುತ್ತಿದ್ದೆ. ಹಿಡಿದವಳು ಅವಳು. ಉಪನ್ಯಾಸ ಕೊಟ್ಟು ಬಂದ ವಾರ, ಭಾನುವಾರ ಮಧ್ಯಾಹ್ನ, ತಲೆಗೆ ಎಣ್ಣೆ ಹಚ್ಚಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದವಳು ಒಮ್ಮೆಲೇ, “ಹಳ್ಳ ಯಾಕೆ ಇಷ್ಟು ಚೂಪು?” ಎಂದಳು. ನನ್ನನ್ನು ಕೇಳಿದ್ದಲ್ಲ. ಗ್ರಾಫಿಗೆ ಬೆಲೆ ತೆಗೆಯುವ ಚುಕ್ಕೆಗಳನ್ನೆಲ್ಲ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ ಮತ್ತೆ ಓಡಿಸಿದಳು. ಹಳ್ಳ ಮಾಯವಾಯಿತು. ಒಂದೇ ಶಿಖರ, ಇರಬೇಕಾದ ಕಡೆ. ಮೊದಲಿನ ಜಾಗಕ್ಕೆ ಸರಿಸಿದಳು. ಎರಡು ಕೊಂಬು.

ಆ ಶಿಖರದ ನಟ್ಟನಡುವಿನ ಚುಕ್ಕೆಯಲ್ಲಿ ಅವಳ ಸೂತ್ರ ನಿಜವಾಗಿಯೂ ಸೊನ್ನೆಯಿಂದ ಭಾಗಿಸುತ್ತದೆ. ಅಲ್ಲಿ ಬೆಲೆ ಆಕಾಶಕ್ಕೆ ಹಾರಬೇಕು, ಪ್ರೋಗ್ರಾಮು ನಿಂತು ಕೂಗಬೇಕು. ಭಾವನ ಹೊಸ ಭಾಗಾಕಾರ ಕೂಗಲಿಲ್ಲ. ಯಾರನ್ನೂ ಬರಿಗೈಲಿ ಕಳಿಸಬಾರದು ಎಂದು ಒಂದು ಸೊನ್ನೆ ಕೊಟ್ಟು ಕಳಿಸಿತು. ಅವಳ ಸಂಶೋಧನೆ ಎಂದು ಬ್ಯಾನರು ಕಟ್ಟಿದ್ದು ಆ ಸೊನ್ನೆಗೆ.

ಅವಳು ಅಳಲಿಲ್ಲ. ಎಣ್ಣೆ ಕೈಯನ್ನು ಸೀರೆಗೆ ಒರೆಸಿಕೊಂಡು ಫೋನ್ ತೆಗೆದುಕೊಂಡಳು. ನಾನು ಪಕ್ಕದಲ್ಲೇ ಇದ್ದೆ. ಅವನ ದನಿ ಆಚೆಯಿಂದ ಸ್ಪಷ್ಟವಾಗಿ ಕೇಳುತ್ತಿತ್ತು.

“ಭಾವ, ಎರಡೂ ಸೊನ್ನೆ ತೆಗೀರಿ. ಇವತ್ತೇ ತೆಗೀರಿ. ನಾನು ಸರ್‌ಗೆ ಹೇಳ್ಬೇಕು.”

“ಅಯ್ಯೋ, ಅಂಗೆಲ್ಲ ಆತುರ ಬೀಳ್ಬೇಡ ಕಣಮ್ಮ. ಎಷ್ಟ್ ಜನ ಮೆಚ್ಕಂಡವ್ರೆ. ಸಂಕಿರಣ ಒಂದ್ ಮುಗೀಲಿ.”

“ಅದು ಸುಳ್ಳು ಭಾವ.”

“ನೋಡೋಣಮ್ಮ, ನೋಡೋಣ.”

ಫೋನಿಟ್ಟು ಅವಳು ನನ್ನ ಕಡೆ ನೋಡಿದಳು. ಆ ನೋಟದಲ್ಲಿ ‘ನೀವು ಹೇಳಿದ್ದು ನಿಜ’ ಎಂಬುದು ಇರಲಿಲ್ಲ. ನಾನು ಹುಡುಕಿದೆ, ಇರಲಿಲ್ಲ. “ನಿಮ್ಮಿಬ್ಬರ ಲೈಬ್ರರೀನೂ ಬೇಡ,” ಎಂದಳು. ಆ ಮಧ್ಯಾಹ್ನವೇ ತನ್ನ ಪ್ರೋಗ್ರಾಮಿನಿಂದ ಲೈಬ್ರರಿಯನ್ನು ಕಿತ್ತುಹಾಕಿ, ತನಗೆ ಬೇಕಾದ ಫ್ಯಾಕ್ಟೋರಿಯಲ್ಲನ್ನು ತಾನೇ ಕೆಲವು ಸಾಲುಗಳಲ್ಲಿ ಬರೆದುಕೊಂಡಳು. ನನ್ನ ಫಂಕ್ಷನ್ನಿಗಿಂತ ಚಿಕ್ಕದು. ಓದಿ ನೋಡಿದೆ. ನನ್ನದಕ್ಕಿಂತ ಚೆನ್ನಾಗಿಯೂ ಇತ್ತು.

ಗೈಡು ಮೊದಲು ನಂಬಲಿಲ್ಲ, ಆಮೇಲೆ ಬೈದರು, ಆಮೇಲೆ ಕೆಲವು ದಿನ ಫೋನು ಎತ್ತಲಿಲ್ಲ. ಸಾರಾಂಶವನ್ನು ಹಿಂದಕ್ಕೆ ತೆಗೆದುಕೊಳ್ಳುವುದೆಂದರೆ ನಿವೃತ್ತಿಯ ವರ್ಷದಲ್ಲಿ ಅವರಿಗೆ ಮುಖಭಂಗ. ಅವಳು ಒಡೆದ ಶಿಖರವಿಲ್ಲದೆ, ಯಾರೂ ಬ್ಯಾನರು ಕಟ್ಟದ ಒಂದೇ ಶಿಖರದ ಅಧ್ಯಾಯವನ್ನು ಬರೆದು ಕಳಿಸಿದಳು. ಅವರು ಸಹಿ ಹಾಕುತ್ತಾರೋ ಇಲ್ಲವೋ ಗೊತ್ತಿರದ ಆ ದಿನಗಳಲ್ಲೇ ಮಾರ್ಲಾಮಿ ಹಬ್ಬ ಬಂತು.

ಮಾರ್ಲಾಮಿ ಎಂದರೆ ಸತ್ತ ಹಿರಿಯರಿಗೆ ಎಡೆ ಇಡುವ ದಿನ. ಅರಕಲಗೂಡಿನ ಮನೆ ತುಂಬ ನೆಂಟರು. ಎಡೆಯ ಮುಂದೆ ಮಾವ ಕೈಮುಗಿದು, ಹಿರಿಯರು ಉಂಡು ಹೋಗಲಿ ಎಂದು ಬಾಗಿಲು ಮುಂದಕ್ಕೆ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದರು. ಆಮೇಲೆ ಬದುಕಿದ್ದವರ ಸರದಿ. ಷಡ್ಡಕ ಪಂಕ್ತಿಯ ತುದಿಯಲ್ಲಿ ಕೂತು, ಬಂದವರಿಗೆಲ್ಲ ನಾದಿನಿಯ ಸಂಶೋಧನೆ ಹೇಳುತ್ತಿದ್ದ.

“ಒಂದಿದ್ದದ್ದು ಎರಡಾಗೋಯ್ತು ಸಾ! ನಮ್ ಲೈಬ್ರರೀಲಿ ಹಾಕುದ್ರೆ ಎರಡು!”

“ಅಂಗಾರೆ ನನ್ ಎಮ್ಮೆನೂ ಆಕಿ ಕೊಡಪ್ಪ,” ಎಂದರು ಒಬ್ಬ ಮುದುಕರು.

ನನ್ನ ಹೆಂಡತಿ ಮುದ್ದೆಯ ತಟ್ಟೆ ಹಿಡಿದು ಬಡಿಸುತ್ತಾ ಬರುತ್ತಿದ್ದಳು. ಅವನಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಅವಳ ಎದುರಿಗೇ ಹೇಳುತ್ತಿದ್ದ. ಅವಳು ಅವನ ಎಲೆಯ ಹತ್ತಿರ ಬರುವ ಹೊತ್ತಿಗೆ ತಟ್ಟೆ ಖಾಲಿಯಾಗಿತ್ತು.

“ಇನ್ನೊಂದ್ ಮುದ್ದೆ ಇಕ್ಕಮ್ಮ,” ಎಂದ.

“ಇಲ್ಲ,” ಎಂದಳು.

ಅಡುಗೆಮನೆಯ ಬಾಗಿಲಲ್ಲಿದ್ದ ಅತ್ತೆ ಹಣೆ ಚಚ್ಚಿಕೊಂಡರು. “ಎಚ್ಚೈತೆ ಅನ್ನೇ! ಹಿರೀಕರು ಕೇಳ್ಕಂತಾವ್ರೆ, ಎಚ್ಚೈತೆ ಅನ್ನು!”

“ಹೆಚ್ಚಿಲ್ಲಮ್ಮ. ಇಲ್ಲ.” ಖಾಲಿ ತಟ್ಟೆಯನ್ನು ಅವನ ಮೂಗಿನ ಹತ್ತಿರ ವಾರೆ ಮಾಡಿ ಹಿಡಿದಳು. “ನೋಡಿ ಭಾವ. ಇಲ್ಲದೇ ಇರೋದು ಹೀಗಿರತ್ತೆ.”

ಈ ಕೊನೆಯ ಮಾತನ್ನು ಅವಳು ಹೇಳಿದಳೋ, ನಾನು ಸೇರಿಸಿದೆನೋ. ಅವಳನ್ನು ಕೇಳಿದರೆ ‘ಮುದ್ದೆ ಇಲ್ಲ ಅಂದೆ ಅಷ್ಟೆ’ ಎನ್ನುತ್ತಾಳೆ. ತಟ್ಟೆ ವಾರೆಯಾದದ್ದು ಮಾತ್ರ ನನಗೆ ಗೊತ್ತು, ಅದರ ಅಂಚಿಗೆ ಮೆತ್ತಿದ್ದ ಹಿಟ್ಟು ಅವನ ಬಿಳಿ ಶರ್ಟಿನ ಮೇಲೆ ಬಿತ್ತು. ಯಾರೂ ನಗಲಿಲ್ಲ, ಮಾವನೂ. ಅವನು ಶರ್ಟು ಒರೆಸಿಕೊಂಡು “ಅನ್ನ ಇಕ್ಕು ಮತ್ತೆ” ಎಂದ. ಉಂಡ. ಎರಡು ಸಲ ಸಾರು ಹಾಕಿಸಿಕೊಂಡ. ಸೋತವನ ಹಾಗೆ ಏನೂ ಕಾಣಲಿಲ್ಲ. ಎದ್ದು ಹೋಗುವಾಗ ಅವನ ಚಪ್ಪಲಿಗಳು ಎಂದಿನಂತೆ ಬಾಗಿಲ ನಟ್ಟನಡುವೆಯೇ ಇದ್ದವು.

ಗೈಡು ಸಹಿ ಹಾಕಿದರು. ಮುನಿಸಿನಲ್ಲೇ ಹಾಕಿದರು, ಪೆನ್ನು ಒತ್ತಿದ್ದಕ್ಕೆ ಹಾಳೆ ಹಿಂದೆ ಉಬ್ಬಿದೆ. ಅವರು ಕುರ್ಚಿ ಬಿಡುವ ಮೊದಲೇ ಥೀಸಿಸ್ ವಿಶ್ವವಿದ್ಯಾಲಯ ಸೇರಿತು. ಕೃತಜ್ಞತೆಯ ಪುಟದಲ್ಲಿ ಚನ್ನರಾಯಪಟ್ಟಣದ ಬಸ್ಸಿನ ಕಂಡಕ್ಟರಿದ್ದಾರೆ. ಷಡ್ಡಕನಿಲ್ಲ. ನಾನೂ ಇಲ್ಲ. ನನ್ನ ತಿದ್ದುಪಡಿ ಇಂದಿಗೂ ಅವನ ಲೈಬ್ರರಿಯ ಬಾಗಿಲಲ್ಲಿ ಬಿದ್ದಿದೆ, ‘ನೋಡೋಣ’ ಎಂಬ ಮಾತಿನ ಕೆಳಗೆ. ನಾನು ಹಿಂದಕ್ಕೆ ತೆಗೆದುಕೊಂಡಿಲ್ಲ, ಅವನು ಒಳಗೆ ಬಿಟ್ಟಿಲ್ಲ. ಮೈನಸ್ ಮೂರನ್ನು ಕೇಳಿದವರಿಗೆ ಇವತ್ತೂ ಸೊನ್ನೆ ಸಿಗುತ್ತದೆ.

ಹೋದ ತಿಂಗಳು ಅವನು ಫೋನ್ ಮಾಡಿದ. ಥೀಸಿಸ್ಸಿನ ಒಂದು ಪ್ರತಿ ಅವನ ಕೈಗೆ ಸಿಕ್ಕಿತ್ತು.

“ಏನಯ್ಯ, ಪೂರ್ತಿ ಮಗುಚಾಕ್ದೆ. ನಮ್ ಲೈಬ್ರರಿ ಎಸ್ರು ಎಲ್ಲೂ ಕಾಣ್ಲಿಲ್ವಲ್ಲ?”

ಇಷ್ಟು ವರ್ಷ ಆ ಮನೆಯಲ್ಲಿ ಊಟ ಮಾಡಿದ್ದೇನೆ. ಅಲ್ಲಿಯ ಮಾತು ನನಗೂ ಬರುತ್ತದೆ.

“ಎಚ್ಚೈತೆ ಅಣ್ಣ,” ಎಂದೆ.

ಅವನು ಫೋನಿಟ್ಟ.